ಸಭೆಯಲ್ಲಿ ಕುಳಿತವರು

ಪುರಾಣಕಥೆಯನ್ನು ದೇವಾಲಯದ ಅಂಗಳದಲ್ಲಿಯೋ ಊರ ಬಯಲಿನಲ್ಲಿಯೋ ಆಡುವುದು ನಮಗೆ ರೂಢಿಯಾದ ಸಂಗತಿ. ವ್ಯಾಪಾರ ನಿಂತು ಪಾಳುಬಿದ್ದ ಕಟ್ಟಡದೊಳಗೆ ಅದನ್ನು ಆಡಿ, ನೋಡುವವರನ್ನು ಕಥೆಯ ನಡುವಿಗೇ ಕರೆದೊಯ್ದರೆ ಅದು ಯುಕ್ತವೆ? ಹಾಗೆ ಒಳಹೊಕ್ಕವನು ಬರಿಯ ಪ್ರೇಕ್ಷಕನಾಗಿ ಉಳಿಯುವನೆ? ಈ ಎರಡು ಪ್ರಶ್ನೆಗಳನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ 1904ರಲ್ಲಿ ಕಟ್ಟಿದ ಮೆಜೆಸ್ಟಿಕ್ ಎಂಬ ನಾಟಕಗೃಹವಿತ್ತು. ಮುಂದೆ ಅದು ಚಲನಚಿತ್ರ ಮಂದಿರವಾಗಿ, 1968ರಲ್ಲಿ ಬಾಗಿಲು ಮುಚ್ಚಿ, ಸುಮಾರು ಇಪ್ಪತ್ತು ವರ್ಷ ಹಾಳುಸುರಿಯಿತು. 1987ರಲ್ಲಿ ಪೀಟರ್ ಬ್ರೂಕ್ ಎಂಬ ನಿರ್ದೇಶಕರು ಒಂಬತ್ತು ಗಂಟೆಗಳ 'ಮಹಾಭಾರತ' ನಾಟಕವನ್ನು ಅಲ್ಲಿ ಆಡಿಸಿದರು. ಕಟ್ಟಡವನ್ನು ದುರಸ್ತಿ ಮಾಡಿದರೂ ಬಣ್ಣ ಕಳಚಿದ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಆಸನಗಳನ್ನು ರಂಗದ ಸಮೀಪಕ್ಕೆ ತಂದರು. ಅದಕ್ಕೆ ಮೊದಲು, 1985ರಲ್ಲಿ, ಫ್ರಾನ್ಸಿನ ಅವಿನ್ಯೋನ್ ನಗರದ ಬಳಿ ಕಲ್ಲುಗಣಿಯೊಂದರಲ್ಲಿ ಆ ನಾಟಕ ನಡೆದಿತ್ತು. ದ್ರೌಪದಿಯ ಪಾತ್ರವನ್ನು ನಮ್ಮ ದೇಶದ ಮಲ್ಲಿಕಾ ಸಾರಾಭಾಯಿ ವಹಿಸಿದ್ದರು. ಮಹಾಭಾರತವನ್ನು ಅದರ ನೆಲದಿಂದ ಕಿತ್ತು ಒಯ್ದರೆಂದು ರುಸ್ತುಮ್ ಭರೂಚಾ ಮೊದಲಾದ ವಿಮರ್ಶಕರು ಆಕ್ಷೇಪಿಸಿದುದೂ ಉಂಟು.

ಆ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಆದರೆ ಪಾಳುಗೋಡೆಯಿಂದ ಕಥೆಗೆ ಮೈಲಿಗೆಯಾಗುವುದೆಂಬ ಮಾತನ್ನು ನಾವು ಒಪ್ಪಲಾರೆವು. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಆಟ ನಡೆದರೆ ಆ ಇರುಳು ಗದ್ದೆಯೇ ಕೈಲಾಸವಾಗುತ್ತದೆ. ಬೆಳಗಾದರೆ ಮತ್ತೆ ಗದ್ದೆ. ನೋಡುವವರನ್ನು ಕಥೆಯೊಳಗೆ ಸೇರಿಸಿಕೊಳ್ಳುವುದೂ ಹೊಸತಲ್ಲ. ಕಾಶಿಯ ಎದುರಿನ ರಾಮನಗರದ ರಾಮಲೀಲೆಯು ಒಂದು ತಿಂಗಳ ಕಾಲ ನಡೆಯುತ್ತದೆ. ಊರಿನ ಒಂದು ಎಡೆ ಅಯೋಧ್ಯೆ, ಮತ್ತೊಂದು ಎಡೆ ಲಂಕೆ. ಜನರು ರಾಮನ ಹಿಂದೆ ನಡೆಯುತ್ತಾರೆ. ಕರಾವಳಿಯ 'ದೇವಿ ಮಹಾತ್ಮೆ' ಪ್ರಸಂಗದಲ್ಲಿ ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ಆರ್ಭಟಿಸುತ್ತ ಬರುತ್ತಾನೆ. ಮಕ್ಕಳು ಹೆದರಿ ತಾಯಂದಿರನ್ನು ಅಪ್ಪಿಕೊಳ್ಳುತ್ತಾರೆ. ಆ ಭಯದಲ್ಲಿಯೂ ಒಂದು ಸಂತೋಷವುಂಟು.

ಆದರೆ ನಮ್ಮನ್ನು ಕೂರಿಸಿದ ಸಭೆಯು ದ್ಯೂತಸಭೆಯಾದರೆ? ಅಲ್ಲಿ ಭಯವಲ್ಲ, ನಾಚಿಕೆ ಹುಟ್ಟಬೇಕು. ತನ್ನನ್ನು ತಾನೇ ಸೋತ ದೊರೆಗೆ ತನ್ನನ್ನು ಪಣವಾಗಿಡುವ ಅಧಿಕಾರವುಂಟೆ ಎಂದು ದ್ರೌಪದಿ ಕೇಳಿದಳು. ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮರು ಉತ್ತರ ಕೊಡದೆ ಹೋದರು. ಹಿರಿಯರೆಲ್ಲ ಹತ್ತಿರದಿಂದ ನೋಡಿದರು. ಸಾಮೀಪ್ಯವು ಅವರಲ್ಲಿ ಧೈರ್ಯವನ್ನು ಹುಟ್ಟಿಸಲಿಲ್ಲ. ಆದುದರಿಂದ ಪ್ರೇಕ್ಷಕನನ್ನು ರಂಗದ ನಡುವೆ ನಿಲ್ಲಿಸಿದ ಮಾತ್ರಕ್ಕೆ ಅವನಲ್ಲಿ ಕರುಣೆ ಮೂಡುವುದೆಂದು ನಂಬಲಾಗದು. ಮೈ ಝುಮ್ಮೆನ್ನುವುದು ಬೇರೆ, ಮನಸ್ಸು ಎಚ್ಚರಗೊಳ್ಳುವುದು ಬೇರೆ.

ಆಟದಲ್ಲಿ ದುಃಶಾಸನನ ಕೈ ಹಿಡಿಯುವುದು ಪ್ರೇಕ್ಷಕನ ಕರ್ತವ್ಯವಲ್ಲವಷ್ಟೆ. ಹಾಗೆ ಮಾಡಿದರೆ ಆಟ ಕೆಡುತ್ತದೆ, ದ್ರೌಪದಿಗೆ ಉಪಕಾರವೂ ಆಗದು. ಅಲ್ಲಿನ ಮೌನಕ್ಕೆ ದೋಷವಿಲ್ಲ. ಹೊರಗೆ ಬಂದ ಮೇಲಿನ ಮೌನಕ್ಕೆ ಮಾತ್ರ ಆ ವಿನಾಯಿತಿ ಸಲ್ಲದು.

ನಾಗಲಗಿದ್ದದಂತಹ ಗಡಿಯೂರುಗಳ ಶಾಲೆಗಳನ್ನೇ ನೋಡೋಣ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ಮಕ್ಕಳು ನಮ್ಮವರು. ಒಂದು ಮಗುವಿನ ಮಾತಿನ ಧಾಟಿಯನ್ನು ಇಬ್ಬರು ಅಣಕಿಸುವಾಗ ಉಳಿದ ಮೂವತ್ತು ಮಕ್ಕಳು ನೋಡುತ್ತ ಕುಳಿತಿರುತ್ತಾರೆ. ಉಪಾಧ್ಯಾಯರಾದ ನಾವೂ ಒಮ್ಮೊಮ್ಮೆ ಹಾಜರಿ ಪುಸ್ತಕದಿಂದ ತಲೆಯೆತ್ತುವುದಿಲ್ಲ. ಅಲ್ಲಿ ಪರದೆಯಿಲ್ಲ, ವೇಷವಿಲ್ಲ. ಆದರೂ ಅದು ಸಭೆಯೇ.

ಕೌರವರಲ್ಲಿ ವಿಕರ್ಣನೊಬ್ಬನು ಎದ್ದು ಇದು ಅಧರ್ಮವೆಂದನು. ಕರ್ಣನು ಅವನನ್ನು ಹುಡುಗನೆಂದು ಗದರಿಸಿದನು. ಮುಂದೆ ಅದೇ ವಿಕರ್ಣನು ಕೌರವರ ಪಕ್ಷದಲ್ಲಿ ಹೋರಾಡಿ ಭೀಮನಿಂದ ಮಡಿದನು. ಒಮ್ಮೆ ಆಡಿದ ಒಳ್ಳೆಯ ಮಾತಿನಿಂದ ಋಣ ತೀರಲಿಲ್ಲವೆಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಆದರೂ ಆ ದಿನದ ಮಟ್ಟಿಗೆ ಆ ಕಿರಿಯನು ಭೀಷ್ಮದ್ರೋಣರಿಗಿಂತ ಮೇಲಾಗಿದ್ದನು. ಪಾಳು ಕಟ್ಟಡದಲ್ಲಿಯಾಗಲಿ ಊರ ಬಯಲಿನಲ್ಲಿಯಾಗಲಿ ಆಟ ನೋಡಿ ಬಂದ ಮಗು, ಮರುದಿನ ತರಗತಿಯಲ್ಲಿ ಅಣಕಕ್ಕೆ ಗುರಿಯಾದ ಗೆಳೆಯನ ಪಕ್ಕಕ್ಕೆ ಹೋಗಿ ಕುಳಿತರೆ, ಆಟವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.