ಹಳೆಯ ಸೀಟು, ಹೊಸ ತೊಗಲು

ಹಳೆಯದನ್ನು ಎಸೆಯದೆ ದುರಸ್ತಿ ಮಾಡಿ ಬಳಸುವುದು ಒಳ್ಳೆಯದೆಂದು ನಾವೆಲ್ಲ ಒಪ್ಪುತ್ತೇವೆ. ಆದರೆ ದುರಸ್ತಿ ಎಲ್ಲಿ ಮುಗಿಯುತ್ತದೆ, ಮರೆಮಾಚುವಿಕೆ ಎಲ್ಲಿ ಆರಂಭವಾಗುತ್ತದೆ? ಹಳೆಯ ಸೈಕಲಿನ ತೊಗಲಿನ ಸೀಟೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಯೋಚಿಸೋಣ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ತೊಗಲಿನ ಸರಕಿನ ಉದ್ಯಮ ಆರಂಭಿಸಿದ ಜಾನ್ ಬೋಲ್ಟ್‌ಬಿ ಬ್ರೂಕ್ಸ್, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದರು. ಇಂಥ ಸೀಟಿನಲ್ಲಿ ಸ್ಪಂಜು ಇರುವುದಿಲ್ಲ. ದನದ ದಪ್ಪ ತೊಗಲಿನ ಒಂದೇ ತುಂಡನ್ನು ಲೋಹದ ಚೌಕಟ್ಟಿನ ಮೂತಿಗೂ ಹಿಂಬದಿಗೂ ಎಳೆದು ರಿವಿಟ್ ಹೊಡೆದಿರುತ್ತಾರೆ. ಸವಾರನ ಭಾರವನ್ನೆಲ್ಲ ಆ ತೊಗಲೇ ಹೊರುತ್ತದೆ. ಅದು ಜೋತುಬಿದ್ದರೆ ಮೂತಿಯ ಕೆಳಗಿನ ನಟ್ಟನ್ನು ತಿರುಗಿಸಿ ಬಿಗಿ ಮಾಡಬಹುದು. ಆದರೆ ರಿವಿಟಿನ ಬಳಿ ತೊಗಲೇ ಹರಿದರೆ ಬಿಗಿಮಾಡಿ ಪ್ರಯೋಜನವಿಲ್ಲ.

ಆಗ ಎರಡು ದಾರಿಗಳಿವೆ. ಒಂದು, ಹಳೆಯ ರಿವಿಟ್‌ಗಳನ್ನು ಕಿತ್ತು, ಚೌಕಟ್ಟಿನ ತುಕ್ಕು ಕೆರೆದು, ಹೊಸ ತೊಗಲನ್ನು ನೀರಿನಲ್ಲಿ ನೆನೆಸಿ, ಆಕಾರಕ್ಕೆ ಎಳೆದು, ನೆರಳಲ್ಲಿ ನಿಧಾನವಾಗಿ ಒಣಗಿಸಿ ಮತ್ತೆ ರಿವಿಟ್ ಹೊಡೆಯುವುದು. ಇದಕ್ಕೆ ದಿನಗಳೇ ಬೇಕು. ಇನ್ನೊಂದು, ಬಿರುಕಿಗೆ ಅಂಟು ತುಂಬಿ ಮೇಲೆ ಕಪ್ಪು ಪಾಲಿಶ್ ಬಳಿಯುವುದು. ಎರಡನೆಯದು ಬೇಗ ಮುಗಿಯುತ್ತದೆ. ‘ಒರಿಜಿನಲ್’ ಎಂದು ಹೆಚ್ಚಿನ ಬೆಲೆಗೂ ಹೋಗುತ್ತದೆ. ಒಂದು ದಿನ ನಡುರಸ್ತೆಯಲ್ಲಿ ಅದು ಹರಿದಾಗ ಬೀಳುವವನು ಮಾತ್ರ ಮಾರಿದವನಲ್ಲ, ಕೊಂಡವನು.

ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ ಎಂಬ ವಾದವನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ನಮ್ಮ ಸೀಟಿಗೂ ಇದು ಅನ್ವಯಿಸುತ್ತದೆ. ತೊಗಲು ಹೊಸದು, ರಿವಿಟ್ ಹೊಸದು. ಚೌಕಟ್ಟು ಮಾತ್ರ ಹಳೆಯದು. ಇದು ಅದೇ ಸೀಟೇ? ಹೌದೆಂದರೂ ಅಲ್ಲವೆಂದರೂ ಪಾಪವೇನಿಲ್ಲ. ಏನು ಬದಲಿಸಿದ್ದೇವೆಂದು ಕೊಳ್ಳುವವನಿಗೆ ಹೇಳದಿದ್ದರೆ ಮಾತ್ರ ಅದು ಪಾಪ.

ಪ್ರವಾದಿ ಮುಹಮ್ಮದ್(ಸ)ರು ತಮ್ಮ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ತೇಪೆ ಹಾಕುವುದು ಅವರಿಗೆ ಅವಮಾನವಾಗಿರಲಿಲ್ಲ. ಅದೇ ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ತೇವ ಕೈಗೆ ತಗಲಿದಾಗ, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದರು. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದದ್ದನ್ನು ಅಡಿಗೆ ಹಾಕಿದ್ದು ಅವನ ತಪ್ಪು.

ಆದರೆ ತಪ್ಪನ್ನೆಲ್ಲ ಕುಶಲಕರ್ಮಿಯ ತಲೆಗೆ ಕಟ್ಟಿ ನಾವು ಸುಮ್ಮನಾಗುವಂತಿಲ್ಲ. ‘ಇದಕ್ಕೆ ಹೊಸ ತೊಗಲು ಹಾಕಿದ್ದೇನೆ’ ಎಂದು ನಿಜ ಹೇಳಿದವನೊಡನೆ ನಾವು ಚೌಕಾಸಿ ಮಾಡುತ್ತೇವೆ. ಮಿರುಗುವ ಪಾಲಿಶ್‌ಗೆ ಕೇಳಿದಷ್ಟು ಕೊಡುತ್ತೇವೆ. ನಿಜಕ್ಕೆ ಕಡಿಮೆ ಬೆಲೆ ಕಟ್ಟುವ ಗಿರಾಕಿಯೂ ಆ ಸುಳ್ಳಿನಲ್ಲಿ ಪಾಲುದಾರನೇ ಅಲ್ಲವೇ?

ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ನಡೆದುಕೊಳ್ಳುತ್ತೇವೆ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡವನನ್ನು ಅನುಮಾನಿಸುತ್ತೇವೆ, ಮುಚ್ಚಿಟ್ಟುಕೊಂಡವನಿಗೆ ಸಲಾಂ ಹೊಡೆಯುತ್ತೇವೆ. ತೌಬಾ ಎಂದರೂ ಒಂದು ದುರಸ್ತಿಯೇ. ಹರಿದದ್ದು ಹರಿದಿದೆ ಎಂದು ಒಪ್ಪಿಕೊಳ್ಳುವುದರಿಂದಲೇ ಅದು ಶುರುವಾಗಬೇಕು. ಹಾಗೆ ಒಪ್ಪಿಕೊಂಡವನಿಗೆ ನಮ್ಮ ನಡುವೆ ಮರ್ಯಾದೆ ಸಿಗುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.