ಅಪಾರ್ಟ್‌ಮೆಂಟ್ ವಾಸವೂ ಗೃಹಸ್ಥಧರ್ಮವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಆಸ್ತಿಕ ಕುಟುಂಬಗಳಿಂದ ನಮಗೆ ಈಚೆಗೆ ಮೇಲಿಂದ ಮೇಲೆ ಬರುವ ಪ್ರಶ್ನೆಯೊಂದುಂಟು. ಮಕ್ಕಳು ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡಿರುತ್ತಾರೆ. ಊರಿನ ಮನೆಯಲ್ಲಿ ವೃದ್ಧ ತಂದೆತಾಯಿಗಳು, ಅನೇಕ ಕಡೆ ಒಬ್ಬ ತಾಯಿ ಮಾತ್ರ, ಉಳಿದಿರುತ್ತಾರೆ. ಒಂದು ದಿನ ಸಾಮಾನು ಕಟ್ಟುವ ಮಾತು ಬರುತ್ತದೆ. ಆಗ ಕೇಳುತ್ತಾರೆ: “ಆಚಾರ್ಯರೇ, ದೇವರನ್ನ ಹ್ಯಾಂಗ ಒಯ್ಯಬೇಕ್ರಿ? ತುಲಸಿಗೆ ಏನು ಮಾಡಬೇಕ್ರಿ? ಆರನೇ ಅಂತಸ್ತಿನೊಳಗ ಮಡಿ ನಡದೀತೇನ್ರಿ?” ಮುಹೂರ್ತವನ್ನು ಪಂಚಾಂಗ ನೋಡಿ ಹೇಳಬಹುದು, ವಾಸ್ತುಶಾಂತಿಯ ಸಾಮಗ್ರಿಯನ್ನು ಯಾದಿ ಮಾಡಿ ಕೊಡಬಹುದು. ಆದರೆ ಈ ಪ್ರಶ್ನೆಗಳ ಬೆನ್ನಿಗೆ ಬಾಯಿಬಿಟ್ಟು ಕೇಳದ ಮತ್ತೊಂದು ಪ್ರಶ್ನೆಯಿದೆ. ಮೂರು ನಾಲ್ಕು ತಲೆಮಾರಿನ ಪೂಜೆ ನಡೆದ ಮನೆಯನ್ನು ಬಿಟ್ಟುಹೋಗುವುದು ಧರ್ಮತ್ಯಾಗವೋ, ಅಥವಾ ಬರಿಯ ಸ್ಥಳಾಂತರವೋ? ಅದನ್ನು ಸ್ವಲ್ಪ ವಿಚಾರಿಸೋಣ.

ಮನೆ ಬಿಡುವುದು ಈ ನಾಡಿಗೆ ಹೊಸದೇನಲ್ಲ. 1948ರವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ ಇದ್ದವು. ಸಂಸ್ಥಾನಗಳು ವಿಲೀನವಾದ ಮೇಲೆ ಆ ಆಶ್ರಯವು ಹೋಯಿತು. 1974ರ ಭೂಸುಧಾರಣೆಯ ತರುವಾಯ ಭೂಮಿಯ ಹುಟ್ಟುವಳಿಯೂ ಅನೇಕರಿಗೆ ತಪ್ಪಿತು. ಓದಿದವರು ನೌಕರಿಯ ಬೆನ್ನುಹತ್ತಿ ಹೊರಟರು. ಇದಕ್ಕಿಂತ ಕಠಿಣವಾದ ವಲಸೆಯನ್ನು ಬೀಳಗಿ, ಬಾಗಲಕೋಟೆಗಳ ಕಡೆಯವರು ಕಂಡಿದ್ದಾರೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟವರು ಅಂದಿನ ಕೇಂದ್ರ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿಗಳು. ಅಣೆಕಟ್ಟು ಎದ್ದು, 519.60 ಮೀಟರಿನವರೆಗೆ ನೀರು ನಿಲ್ಲುವಂತಾದಾಗ ಕೃಷ್ಣಾತೀರದ ಎಷ್ಟೋ ಊರುಗಳ ಮನೆ, ಹೊಲ, ಗುಡಿಗಳು ನೀರಿನ ಪಾಲಾದವು. ಬಾಗಲಕೋಟೆಯ ಹಳೆಯ ಪೇಟೆಯ ಜನ ನವನಗರಕ್ಕೆ ಹೋದರು. 2010ರಲ್ಲಿ ನ್ಯಾಯಾಧಿಕರಣವು 524.256 ಮೀಟರಿಗೆ ಒಪ್ಪಿಗೆ ಕೊಟ್ಟಂದಿನಿಂದ ಇನ್ನೂ ಕೆಲವು ಊರುಗಳು ತಮ್ಮ ಸರದಿಯನ್ನು ಕಾಯುತ್ತಿವೆ. ಆ ಜನಕ್ಕೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ. ನೀರು ಬಂದಿತು, ಬಿಟ್ಟರು. ಧರ್ಮಸಂದೇಹವು ಹುಟ್ಟುವುದು ಇಚ್ಛೆಯಿಂದ ಬಿಡುವವನಿಗೆ, ಅಂದರೆ ನಮ್ಮಂಥವರಿಗೆ.

ಇಲ್ಲಿ ಒಂದು ಶಂಕೆ. ಮನೆಯೆಂಬುದು ಕಲ್ಲು ಮಣ್ಣುಗಳ ರಾಶಿ, ಇಂದು ಇದ್ದು ನಾಳೆ ಹೋಗತಕ್ಕದ್ದು. ಅದಕ್ಕಾಗಿ ದುಃಖಿಸುವುದು ಅಜ್ಞಾನವಲ್ಲವೇ? ಮಕ್ಕಳು ತಾಯಿಯನ್ನು ಹೊರಡಿಸುವಾಗ ಈ ವೇದಾಂತವನ್ನು ಬಹಳ ಸುಲಭವಾಗಿ ಹೇಳುತ್ತಾರೆ. ಆದರೆ ಇದು ನಮ್ಮ ಸಿದ್ಧಾಂತವಲ್ಲವೆಂಬುದನ್ನು ಅವರು ಮರೆತಿರುತ್ತಾರೆ. ಶ್ರೀಮದಾಚಾರ್ಯರು ಜಗತ್ತು ಸತ್ಯವೆಂದರು. ಪಂಚಭೇದಗಳನ್ನು ಹೇಳುವಾಗ ಜಡಕ್ಕೂ ಜಡಕ್ಕೂ ಇರುವ ಭೇದವನ್ನೂ ಹೇಳಿದರು. ಆದ್ದರಿಂದ ಈ ಮನೆ ಈ ಮನೆಯೇ. ಆ ಮನೆ ಬೇರೆ. ಅಜ್ಜನು ಕುಳಿತು ಆಹ್ನಿಕ ಮಾಡಿದ ಮಣೆಯ ಜಾಗ, ಬೆಳಕಿಂಡಿಯಿಂದ ದೇವರ ಮೇಲೆ ಬೀಳುತ್ತಿದ್ದ ಬೆಳಗಿನ ಬಿಸಿಲು, ಹಿತ್ತಲ ಬಾವಿಯ ಗಡಗಡೆಯ ಸಪ್ಪಳ, ಇವು ಭ್ರಾಂತಿಯಲ್ಲ. ಇವನ್ನು ಕಳೆದುಕೊಂಡರೆ ನಿಜವಾಗಿಯೇ ಕಳೆದುಕೊಂಡಂತೆ. ದುಃಖಿಸುವ ತಾಯಿಗೆ “ಎಲ್ಲಾ ಮಾಯಾ” ಎನ್ನುವವನು ಸಮಾಧಾನವನ್ನೂ ಹೇಳಲಿಲ್ಲ, ಸಿದ್ಧಾಂತವನ್ನೂ ಹೇಳಲಿಲ್ಲ. ಆದರೆ ಸತ್ಯವಾದ ವಸ್ತುಗಳಲ್ಲಿ ಸ್ವತಂತ್ರನು ಒಬ್ಬನೇ, ಮಿಕ್ಕುದೆಲ್ಲ ಪರತಂತ್ರ. ಮನೆಯೂ ಪರತಂತ್ರ, ಮನೆಯ ಯಜಮಾನನೂ ಪರತಂತ್ರ. ಆದಕಾರಣ ಮನೆಯ ಮೇಲಿನ ಪ್ರೀತಿಯು ದೋಷವಲ್ಲ. “ಇದು ನನ್ನದು, ನಾನು ಉಳಿಸಿದರೆ ಉಳಿಯುವುದು” ಎಂಬ ಮಮಕಾರವು ದೋಷ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಲಾಗದು.

ದೇವರನ್ನು ಒಯ್ಯುವ ವಿಷಯದಲ್ಲಿ ಭಯಕ್ಕೆ ಕಾರಣವೇ ಇಲ್ಲ. ನಮ್ಮ ಮಠಗಳ ಸಂಸ್ಥಾನಪ್ರತಿಮೆಗಳು ಪೆಟ್ಟಿಗೆಯಲ್ಲಿ ಕುಳಿತು ಶ್ರೀಪಾದಂಗಳವರೊಡನೆ ಊರೂರು ಸಂಚರಿಸುತ್ತವೆ. ಈ ವರ್ಷ ಒಂದೂರಿನಲ್ಲಿ ಚಾತುರ್ಮಾಸ್ಯ, ಮುಂದಿನ ವರ್ಷ ಮತ್ತೊಂದೂರಿನಲ್ಲಿ. ಸನ್ನಿಧಾನವು ಪ್ರತಿಮೆಯಲ್ಲಿ, ಅರ್ಚಕನ ಭಕ್ತಿಯಲ್ಲಿ, ಗೋಡೆಯಲ್ಲಲ್ಲ. ಎಲೆ, ಹೂವು, ಹಣ್ಣು, ನೀರು ಇವಿಷ್ಟನ್ನು ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುವೆನೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿರುವಾಗ, ಆರನೆಯ ಅಂತಸ್ತಿಗೆ ಅವನು ಬಾರನೆಂದು ಯಾರು ಹೇಳಿಯಾರು? ದೇವರ ಪೆಟ್ಟಿಗೆಯನ್ನು ಲಾರಿಯ ಸಾಮಾನಿನೊಡನೆ ಹಾಕದೆ, ಮಡಿಯಿಂದ ಕಟ್ಟಿ, ಮನೆಯವರೊಬ್ಬರು ಮಡಿಲಲ್ಲಿಟ್ಟುಕೊಂಡು ಹೋದರೆ ಸಾಕು.

ನೀರಿನ ವಿಷಯಕ್ಕೆ ಬರೋಣ. ಮಡಿನೀರೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಬಾವಿಯ ನೀರು. ಹಿಂದೆ ನಳದೊಳಗೆ ಚರ್ಮದ ವಾಷರು ಇರುವುದೆಂದು ಅನೇಕ ಮನೆಗಳಲ್ಲಿ ನಳದ ನೀರು ನೈವೇದ್ಯಕ್ಕೆ ಬರುತ್ತಿರಲಿಲ್ಲ. ಈಗಿನ ನಳಗಳಲ್ಲಿ ರಬ್ಬರು, ಪ್ಲಾಸ್ಟಿಕ್ಕು ಇರುವುದರಿಂದ ಆ ಆಕ್ಷೇಪವು ತಾನಾಗಿಯೇ ಬಿದ್ದುಹೋಯಿತು. ಉಳಿದದ್ದು ಮನಸ್ಸಿನ ಅಳುಕು. ಅಂಥವರಿಗೆ ನಾವು ಭೂಗೋಳವನ್ನು ಹೇಳುವುದುಂಟು. ಜಮಖಂಡಿಯವರಿಗೆ ಕೃಷ್ಣೆಯೇ ತಾಯಿ. ಮುಧೋಳದ ಘಟಪ್ರಭೆಯು ಕೃಷ್ಣೆಯನ್ನೇ ಕೂಡುತ್ತಾಳೆ. ಪುಣೆಯ ನಳಕ್ಕೆ ಬರುವುದು ಖಡಕವಾಸಲೆಯ ಮುಠೆಯ ನೀರು. ಮುಠೆಯು ಮುಳೆಯನ್ನು ಕೂಡಿ, ಭೀಮೆಯನ್ನು ಸೇರಿ, ಭೀಮೆಯೊಡನೆ ಕೊನೆಗೆ ಕೃಷ್ಣೆಗೇ ಬರುತ್ತಾಳೆ. ಹುಬ್ಬಳ್ಳಿಗೆ ಸವದತ್ತಿಯ ಜಲಾಶಯದಿಂದ ಬರುವ ಮಲಪ್ರಭೆಯೂ ಕೂಡಲಸಂಗಮದಲ್ಲಿ ಅವಳೊಡನೆ ಒಂದಾಗುತ್ತಾಳೆ. ಬೆಂಗಳೂರಿಗೆ ಹೋದವರಿಗಂತೂ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯೇ ಏರಿ ಬರುತ್ತಾಳೆ. ದಿನಾಲೂ ಕಲಶದಲ್ಲಿ ಗಂಗೆ, ಯಮುನೆ, ಕಾವೇರಿಯರನ್ನು ಆವಾಹಿಸುವವರು ನಳದಲ್ಲಿ ಬಂದ ಕಾವೇರಿಯನ್ನು ಸಂಶಯಿಸಬೇಕೆ? ತಾಮ್ರದ ಕೊಡದಲ್ಲಿ ಬೇರೆ ಹಿಡಿದು ಮುಚ್ಚಿಟ್ಟರೆ ಆಯಿತು. ಟ್ಯಾಂಕರಿನ ನೀರು ಬರುವ ದಿನಗಳ ಮಾತು ಬೇರೆ. ಆಗ ಶುದ್ಧಿಗಿಂತ ಮೊದಲು ನೀರು ಸಾಲುವುದೇ ಎಂದು ನೋಡಬೇಕಾಗುತ್ತದೆ.

“ನಮ್ಮ ದೇವರ ನೆತ್ತಿಯ ಮೇಲೆ ಮೇಲಿನವರ ಬಚ್ಚಲು ಬಂದರೆ?” ಎಂದು ಒಬ್ಬ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆ. ನಳಗಳು ಮೇಲಿಂದ ಕೆಳಗೆ ನೆಟ್ಟಗೆ ಇಳಿಯಬೇಕಾದ್ದರಿಂದ ಸಾಮಾನ್ಯವಾಗಿ ಬಚ್ಚಲಿನ ಮೇಲೆ ಬಚ್ಚಲು, ಅಡಿಗೆಮನೆಯ ಮೇಲೆ ಅಡಿಗೆಮನೆ ಬರುವಂತೆಯೇ ಕಟ್ಟಿರುತ್ತಾರೆ. ಆದರೂ ಮನೆ ಕೊಳ್ಳುವ ಮೊದಲೇ ನಕ್ಷೆಯನ್ನು ನೋಡಿ ದೇವರ ಜಾಗವನ್ನು ನಿಶ್ಚಯಿಸುವುದು ಒಳಿತು. ಕೊಂಡ ಮೇಲೆ ನಮ್ಮನ್ನು ಕೇಳಿದರೆ ನಾವೇನು ಗೋಡೆ ಸರಿಸಬಲ್ಲೆವೆ? ಅಭಿಷೇಕದ ನೀರನ್ನು ಮೋರಿಗೆ ಬಿಡದೆ ಪಾತ್ರೆಯಲ್ಲಿ ಹಿಡಿದು, ಕೆಳಗೆ ಒಯ್ದು ಗಿಡದ ಬುಡಕ್ಕೆ ಹಾಕಬೇಕು. ಮಡಿ ಒಣಗಿಸಲು ಎತ್ತರದ ಗಳವೊಂದು ಬೇಕು. ಲಿಫ್ಟಿನ ಮೈಲಿಗೆಯ ಚರ್ಚೆಯನ್ನು ಮೆಟ್ಟಿಲು ಹತ್ತಬಲ್ಲವರಿಗೆ ಬಿಟ್ಟಿದ್ದೇವೆ. ಅರವತ್ತು ಜನಕ್ಕೆ ಅಡಿಗೆ ಮಾಡುವ ಹಂಡೆ, ಪರಾತಗಳನ್ನು ಗುಡಿಗೆ ಕೊಡುವೆವೆಂದು ಎಲ್ಲರೂ ಹೇಳುತ್ತಾರೆ. ಹೆಸರು ಕೆತ್ತಿಸಿದ ಪಾತ್ರೆಗಳಿಂದ ಗುಡಿಯ ಉಗ್ರಾಣವು ತುಂಬಿದೆಯೆಂಬುದನ್ನು ವಿನಯದಿಂದ ತಿಳಿಸುತ್ತೇವೆ.

ಇಷ್ಟರಿಂದ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಪೆಟ್ಟಿಗೆಯ ದೇವರೊಡನೆ ಸಂಚರಿಸುವವರು ಯತಿಗಳು, ಅವರಿಗೆ ಮನೆಯಿಲ್ಲ. ನಾವು ಗೃಹಸ್ಥರು. ಗೃಹಸ್ಥನಿಗೆ ಐದು ಯಜ್ಞಗಳನ್ನು ವಿಧಿಸಿದ್ದಾರೆ. ಬ್ರಹ್ಮಯಜ್ಞ, ದೇವಯಜ್ಞಗಳು ಆರನೆಯ ಅಂತಸ್ತಿಗೆ ಸುಖವಾಗಿ ಏರುತ್ತವೆ. ಪಿತೃಯಜ್ಞವೂ ನಡೆಯುತ್ತದೆ, ಕಾಗೆಗೆ ಎಡೆಯಿಡಲು ಗಚ್ಚಿನ ಬೀಗದಕೈಯನ್ನು ಸೆಕ್ರೆಟರಿಯವರಿಂದ ಬೇಡಿ ತರಬೇಕಷ್ಟೆ. ಭೂತಯಜ್ಞಕ್ಕೆ ಬಾಗಿಲಿಗೆ ಆಕಳು ಬಾರದು, ನಾವೇ ಅದನ್ನು ಹುಡುಕಿಕೊಂಡು ಹೋಗಬೇಕು. ಐದನೆಯದಾದ ಮನುಷ್ಯಯಜ್ಞವು ಮಾತ್ರ ಕೆಳಗಿನ ಗೇಟಿನಲ್ಲಿಯೇ ನಿಂತುಬಿಡುತ್ತದೆ. ಊರಿನ ಮನೆಯ ಮುಂದೆ ಕಟ್ಟೆಯಿತ್ತು. ಬಿಸಿಲಲ್ಲಿ ಬಂದವನು ಯಾರನ್ನೂ ಕೇಳದೆ ಕೂಡುತ್ತಿದ್ದನು. ಒಳಗಿನಿಂದ ಚರಿಗೆಯಲ್ಲಿ ನೀರೂ ಬೆಲ್ಲವೂ ಬರುತ್ತಿದ್ದವು. ಹೊತ್ತು ಊಟದ್ದಾಗಿದ್ದರೆ ಎಲೆಯೂ ಬೀಳುತ್ತಿತ್ತು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದಿಂದ ಎದ್ದುಬಂದ ನೇಕಾರನು ಆಚಾರ್ಯರ ಕಟ್ಟೆಯ ಮೇಲೆ ಕುಳಿತು ಪಂಚಾಂಗ ಕೇಳುವುದು, ಹೊತ್ತಿಳಿದ ಮೇಲೆ ಮಾತು ಮಳೆಯ ಕಡೆಗೆ ಹೊರಳುವುದು ಹೊಸತೇನಲ್ಲ. ಅಪಾರ್ಟ್‌ಮೆಂಟಿನಲ್ಲಿ ಬಂದವನ ಹೆಸರನ್ನು ಕಾವಲುಗಾರನು ಬರೆದುಕೊಳ್ಳುತ್ತಾನೆ; ಫೋನು ಮಾಡಿ ಬಿಡಲೋ ಬೇಡವೋ ಎಂದು ಕೇಳುತ್ತಾನೆ. ತಿಥಿಯನ್ನು ತಿಳಿಸದೆ ಬರುವವನೇ ಅತಿಥಿಯೆಂದು ಶಾಸ್ತ್ರವು ಹೇಳಿದರೆ, ತಿಳಿಸದೆ ಬರುವವನು ಕಳ್ಳನೆಂದು ಈ ವ್ಯವಸ್ಥೆಯು ಹೇಳುತ್ತದೆ. ಕಾವಲುಗಾರನ ತಪ್ಪಲ್ಲ, ಅವನ ಕೆಲಸವದು. ಆದರೆ ತುಲಸಿಯ ಕುಂಡಕ್ಕೆ ಬಿಸಿಲು ಎಷ್ಟು ತಾಸು ಬರುವುದೆಂದು ಹತ್ತು ಸಲ ಲೆಕ್ಕ ಹಾಕುವ ನಾವು ಈ ಗೇಟಿನ ವಿಷಯವನ್ನು ಒಂದು ಸಲವಾದರೂ ಚಿಂತಿಸಿದ್ದೇವೆಯೇ? ಅಪಾರ್ಟ್‌ಮೆಂಟಿನಲ್ಲಿ ನಿಜವಾಗಿ ಸಂಕಟಕ್ಕೆ ಬಂದಿರುವ ಧರ್ಮವು ಮಡಿಯಲ್ಲ, ಆತಿಥ್ಯವು. ಕಟ್ಟೆಯಿಲ್ಲದ ಕಡೆ ಅತಿಥಿಯು ತಾನಾಗಿ ಬರುವುದಿಲ್ಲ. ಏಕಾದಶಿಯ ಮರುದಿನ ದ್ವಾದಶಿಯ ಪಾರಣೆಗಾದರೂ ಒಬ್ಬ ವಿದ್ಯಾರ್ಥಿಯನ್ನು, ಒಬ್ಬ ಒಂಟಿ ಮುದುಕರನ್ನು ಕೆಳಗಿಳಿದು ಹೋಗಿ ಕರೆತರಬೇಕು.

ಇನ್ನು ಆ ತಾಯಿಯ ಮಾತು. ನಮ್ಮ ಕಡೆಯ ಒಂದು ಮನೆಯಲ್ಲಿ ಮುಹೂರ್ತ ಕೇಳಲು ಮಗ ಸೊಸೆ ಕುಳಿತಿದ್ದರು. ಯಾವ ಕೋಣೆ ಯಾರಿಗೆ, ದೇವರ ಕಪಾಟು ಎಷ್ಟು ಉದ್ದ, ಎಲ್ಲವನ್ನೂ ಹೇಳಿದರು. ಎಂಬತ್ತು ವರ್ಷ ದಾಟಿದ ಅಜ್ಜಿಯು ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು. “ನೀವೇನಂತೀರಿ ಅಜ್ಜಿ?” ಎಂದಾಗ ಅವರು ಹೇಳಿದ್ದಿಷ್ಟೇ: “ನನ್ನ ಯಾರೂ ಕೇಳಿಲ್ಲಪ್ಪಾ. ಕಪಾಟದ ಅಳತೀ ತಗೊಂಡಾರ, ನನ್ನ ಅಳತೀನೂ ತಗೊಂಡಿರಬೇಕು.” ಮಗನು ತಲೆ ತಗ್ಗಿಸಿದನು. ಅವನು ದುಷ್ಟನಲ್ಲ, ತಾಯಿಯು ರಾತ್ರಿ ಒಬ್ಬಳೇ ಬಿದ್ದರೆ ಎತ್ತುವವರಿಲ್ಲವೆಂಬ ಚಿಂತೆಯಿಂದಲೇ ಮನೆ ಕೊಂಡಿದ್ದನು. ಮಾತಾಪಿತೃಸೇವೆಯೆಂದರೆ ಅವರ ದೇಹವನ್ನು ಕಾಪಾಡುವುದಷ್ಟೇ ಅಲ್ಲ. ಜೀವನು ಜ್ಞಾನೇಚ್ಛೆಗಳುಳ್ಳವನು, ಜಡವಲ್ಲ. ಇಚ್ಛೆಯನ್ನು ಕೇಳದೆ ಒಯ್ದರೆ ಪೆಟ್ಟಿಗೆಯನ್ನು ಒಯ್ದಂತಾಯಿತು. ಪೆಟ್ಟಿಗೆಗಾದರೂ ನಾವು ಪ್ರಾರ್ಥನೆ ಮಾಡಿ ಅನುಜ್ಞೆ ಬೇಡಿ ಎತ್ತುತ್ತೇವೆ! ಹಾಗೆಂದು ವೃದ್ಧರ ಮಾತೇ ಕೊನೆಯೆಂದು ನಾವು ಹೇಳುವುದಿಲ್ಲ. ಹಟದಿಂದ ಊರಲ್ಲಿಯೇ ಉಳಿದು, ಮಕ್ಕಳನ್ನು ತಿಂಗಳಿಗೆರಡು ಸಲ ರಾತ್ರಿಯ ಬಸ್ಸಿನಲ್ಲಿ ಓಡಾಡಿಸುವುದೂ ಧರ್ಮವಲ್ಲ. ನಮ್ಮ ಅಭಿಪ್ರಾಯವು ಇಷ್ಟು: ಮನೆ ನಿಶ್ಚಯವಾಗುವ ಮೊದಲು ಕೇಳಬೇಕು, ನಿಶ್ಚಯವಾದ ಮೇಲಲ್ಲ. ಅಲ್ಲಿಯ ದೇವರಕೋಣೆ, ಒಲೆಯ ಹೊತ್ತು, ಮಡಿಯ ಕ್ರಮ ಇವುಗಳಲ್ಲಿ ಅವರಿಗೆ ಅಧಿಕಾರವಿರಬೇಕು. ಅಧಿಕಾರವಿಲ್ಲದ ಕಡೆ ಮುದುಕರು ಅತಿಥಿಗಳಾಗುತ್ತಾರೆ, ಅದೂ ದಿನ ತುಂಬಿದ ಅತಿಥಿಗಳು. ಆಗುವುದಾದರೆ ಒಂದು ಚಾತುರ್ಮಾಸ್ಯವನ್ನು ಅಲ್ಲಿ ಕಳೆದು ನೋಡಿ, ತಿರುಗಿ ಬರುವ ದಾರಿ ತೆರೆದಿರುವಾಗಲೇ ನಿರ್ಧರಿಸಲಿ.

ತಿರುಗಿ ಬರಲು ಮನೆ ಉಳಿದಿರಬೇಕಲ್ಲವೇ? ಅನೇಕರು ಬೀಗ ಹಾಕಿ ಹೋಗುತ್ತಾರೆ. ಮಣ್ಣಿನ ಮಾಳಿಗೆಯ ಮನೆಯು ಮನುಷ್ಯರಿದ್ದರೆ ಮಾತ್ರ ನಿಲ್ಲುತ್ತದೆ. ಮಳೆಗಾಲದ ಮುಂಚೆ ಮೇಲಿನ ಮಣ್ಣನ್ನು ನೋಡಿಕೊಳ್ಳದಿದ್ದರೆ ನೀರು ಇಳಿದು ಜಂತಿ ಕೊಳೆತು, ನಾಲ್ಕೈದು ಮಳೆಗಾಲಕ್ಕೆ ನಡುಮನೆ ಕುಸಿಯುತ್ತದೆ. ಜಮಖಂಡಿಯ ಹಳೆಯ ಓಣಿಗಳಲ್ಲಿ ನಡೆದರೆ ಇಂಥವು ಕಾಣುತ್ತವೆ: ಬಾಗಿಲಿಗೆ ಬೀಗವಿದೆ, ಬೆನ್ನ ಹಿಂದೆ ಮನೆಯೇ ಇಲ್ಲ. “ಅಜ್ಜನ ಮನಿ, ಮಾರಬಾರದು” ಎಂಬುದು ಭಕ್ತಿಯಂತೆ ಕೇಳಿಸಿದರೂ ಇದೇ ಮೇಲೆ ಹೇಳಿದ ಮಮಕಾರ. ದೀಪ ಹಚ್ಚುವ ಬಡ ಕುಟುಂಬಕ್ಕೆ ಕಡಿಮೆ ಬಾಡಿಗೆಗೆ ಕೊಡುವುದು, ಪಾಠ ಹೇಳುವವರಿಗೆ ಬಿಟ್ಟುಕೊಡುವುದು, ಕೊನೆಗೆ ಮಾರುವುದು ಸಹ ಬೀಗಕ್ಕಿಂತ ಮೇಲು. ಒಂದು ವಿನೋದವನ್ನು ಹೇಳಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಪ್ರಕಾರ, ಅಂಥ ಮನೆ ಕೊಂಡವನಿಗೆ ಸಾಮಾನ್ಯ ಭಾಗಗಳಲ್ಲಿ ದೊರೆಯುವುದು ಅವಿಭಕ್ತ ಪಾಲು ಮಾತ್ರ. ಮೆಟ್ಟಿಲಿನ ಯಾವ ಕಲ್ಲನ್ನೂ ತೋರಿಸಿ “ಇದು ನನ್ನದು” ಎನ್ನುವಂತಿಲ್ಲ. ಪಾರತಂತ್ರ್ಯದ ಪಾಠವನ್ನು ಸರಕಾರವೇ ಮುದ್ರೆಯೊತ್ತಿ ನೋಂದಣಿ ಮಾಡಿಕೊಡುತ್ತದೆ!

ಹೊರಡುವವರು ಮತ್ತೊಂದನ್ನು ನೆನಪಿಡಬೇಕು. ಊರಿನ ಪ್ರಾಣದೇವರ ಗುಡಿಯಲ್ಲಿ ಮನೆತನಕ್ಕೆ ಒಂದು ಪಾಳಿಯಿರುತ್ತದೆ: ಪೂಜೆಯದೋ, ನೈವೇದ್ಯದ್ದೋ, ಕಾರ್ತಿಕದ ಎಣ್ಣೆಯದೋ. “ಹಣ ಕಳಿಸತೀವಿ” ಎಂದರೆ ಅರ್ಧ ಮಾತ್ರ ಆಯಿತು. ಬೆಳಿಗ್ಗೆ ಎದ್ದು ಮಡಿಯುಟ್ಟು ಹೋಗುವ ಒಬ್ಬ ಮನುಷ್ಯನು ಬೇಕು. ಅವನನ್ನು ಗೊತ್ತುಮಾಡಿ, ಗುಡಿಯ ಹಿರಿಯರ ಎದುರಿಗೆ ಒಪ್ಪಿಸಿ ಹೋಗಬೇಕು. ತುಲಸಿಯ ಮಂಜರಿಯನ್ನೂ ವೃಂದಾವನದ ಒಂದು ಹಿಡಿ ಮಣ್ಣನ್ನೂ ಹೊಸ ಕುಂಡಕ್ಕೆ ಒಯ್ದು ಬಿತ್ತಿದರೆ ಕಾರ್ತಿಕ ಶುದ್ಧ ದ್ವಾದಶಿಯ ಹೊತ್ತಿಗೆ ಸಸಿಯು ನೆಲೆಗೊಂಡಿರುತ್ತದೆ. ಇಲ್ಲಿ ಬಿಟ್ಟುಹೋಗುವ ತುಲಸಿಗೆ ದಿನಾಲೂ ಒಂದು ತಂಬಿಗೆ ನೀರು ಹಾಕುವಂತೆ ನೆರೆಮನೆಯವರಿಗೆ ಹೇಳಿ, ಅವರು ಹೂಂ ಎಂದ ಮೇಲೆ ಗಾಡಿ ಹತ್ತಬೇಕು.