ಧರ್ಮಕ್ಕೊಂದು ತಾಯ್ನುಡಿ ಉಂಟೇ?

ಟಿಬೆಟನ್ ನಿರಾಶ್ರಿತರು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದ್ದು 1960ರ ದಶಕದ ಆರಂಭದಲ್ಲಿ. ಅಲ್ಲಿ ಬೆಳೆಯುವ ಮಗುವಿಗೆ ಮನೆಯಲ್ಲಿ ಟಿಬೆಟನ್, ಪಠ್ಯದಲ್ಲಿ ಇಂಗ್ಲಿಷ್, ಪಕ್ಕದ ಕುಶಾಲನಗರದ ಅಂಗಡಿಯಲ್ಲಿ ಕನ್ನಡ. ಕಾಣದ ನಾಡಿನ ನುಡಿಯನ್ನು ಉಳಿಸಿಕೊಳ್ಳುವುದು ಅದರ ಧರ್ಮವೇ? ಭಾಷೆ ಹೋದರೆ ಬುದ್ಧನ ಮಾತೂ ಹೋಯಿತು ಎನ್ನುವವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತನ್ನ ಮಾತನ್ನು ಛಂದಸ್ಸಿಗೆ (ಸಂಸ್ಕೃತಕ್ಕೆ ಎಂದು ಹಲವರ ಅರ್ಥ) ಕಟ್ಟುವುದನ್ನು ಬುದ್ಧ ತಡೆದನೆಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕವೇ ಹೇಳುತ್ತದೆ. ‘ಸ್ವಂತ ನುಡಿಯಲ್ಲಿ ಕಲಿಯಿರಿ’ ಎಂದಾಗ ಆ ನುಡಿ ಯಾರದು, ಬುದ್ಧನದೋ ಕಲಿಯುವವರದೋ ಎಂಬುದು ಪಂಡಿತರ ಹಳೆಯ ಜಗಳ. ಟಿಬೆಟನ್ ಲಿಪಿಯೂ ಭಾರತೀಯ ಲಿಪಿಯ ಮಾದರಿಯಲ್ಲಿ ಮೂಡಿ, ಸಂಸ್ಕೃತ ಗ್ರಂಥಗಳ ಅನುವಾದಕ್ಕೆ ಒದಗಿತು.

ಬುದ್ಧನ ಮಾತು ಟಿಬೆಟನ್ನಿಗೆ ಬಂದದ್ದೇ ಅನುವಾದದಿಂದ ಎಂದಾದರೆ, ಇನ್ನೊಮ್ಮೆ ಇಂಗ್ಲಿಷಿಗೆ ಅನುವಾದಿಸಿಕೊಂಡರಾಯಿತಲ್ಲ? ಗ್ರಂಥಕ್ಕೆ ಅದು ಸಾಕು, ಮಗುವಿಗೆ ಸಾಲದು. ತನ್ನ ಕೈಗೆ ‘ಲಾಗ್ಪಾ’, ಅಜ್ಜಿಯ ಕೈಗೆ ಗೌರವದ ‘ಛಾಗ್’ ಎನ್ನಲು ಕಲಿಯುವ ಮಗು ಶಬ್ದದ ಜೊತೆಗೇ ವಿನಯವನ್ನೂ ಕಲಿಯುತ್ತದೆ. ಆದರೆ ಮನೆಮಾತು ತಾನಾಗಿ ಓದಾಗುವುದಿಲ್ಲ: ಎಂಟು ಎಂಬುದಕ್ಕೆ ‘ಬ್ರ್‌ಗ್ಯದ್’ ಎಂದು ಬರೆದು ‘ಗ್ಯೆ’ ಎಂದು ಓದಬೇಕು. ಅದಕ್ಕೆ ಶಾಲೆಯ ಸಮಯ ಬೇಕು. ದೇಶಭ್ರಷ್ಟ ಟಿಬೆಟನ್ ಆಡಳಿತದ 2004ರ ಶಿಕ್ಷಣ ನೀತಿ ತಾಯ್ನುಡಿಗೆ ಒತ್ತು ಕೊಟ್ಟದ್ದು ಸರಿಯೇ. ಇಂಗ್ಲಿಷ್ ಹಿಂದೆ ಬೀಳದೇ, ನೌಕರಿಗೇನು ಗತಿ ಎಂಬ ಪೋಷಕರ ಆತಂಕ ಹುಸಿಯಲ್ಲ. ಆದರೂ ಒಂದು ಭಾಷೆಯಲ್ಲಿ ಗಟ್ಟಿಯಾದ ಓದಿನ ಸಾಮರ್ಥ್ಯ ಇನ್ನೊಂದಕ್ಕೂ ಒದಗುತ್ತದೆ ಎಂಬುದು ದ್ವಿಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದ. ಆ ಎರಡನೆಯ ಭಾಷೆಯನ್ನೂ ಚೆನ್ನಾಗಿ ಕಲಿಸಬೇಕು, ಅಷ್ಟೇ. ಹೊರೆ ಮಾತ್ರ ಮಗುವಿನದಲ್ಲ. ಅದರೊಡನೆ ದಿನವೂ ಮಾತಾಡುವ ಹಿರಿಯರದು.